ಮೂರು ಕಡೆ ಒಂದೇ ಕತ್ತರಿ

ಸೋಮವಾರ, ೩
ಫೋಟೊ ತೆಗೆದು ತೆಗೆದು ಕೈ ಮರಗಟ್ಟಿದೆ. ಅಂಗಡಿಯ ಒಂದೊಂದು ಮೂಲೆಯನ್ನೂ ನಾನಾ ಕಡೆಯಿಂದ ತೆಗೆದು ಅಕ್ಕನಿಗೆ ಕಳಿಸಬೇಕು. ಅವಳ ಆಫೀಸಿನ ಕಂಪ್ಯೂಟರ್ ಎಲ್ಲ ಜೋಡಿಸಿ ಅಂಗಡಿಯನ್ನೇ ಕಟ್ಟಿಕೊಡುತ್ತದಂತೆ. ಪರದೆಯ ಮೇಲೆ ಒಳಗೆಲ್ಲ ಓಡಾಡಬಹುದಂತೆ. ಶನಿವಾರ ಕಟ್ಟಡ ಕೆಡವುತ್ತಾರೆ. ಆಮೇಲೆ ಅಮ್ಮನಿಗೆ ತನ್ನ ಹೊಲಿಗೆ ಅಂಗಡಿ ಅಂತ ಉಳಿಯುವುದು ಇದೊಂದೇ.

ಅಮ್ಮನಿಗೋ ಕೈ ಸುಮ್ಮನಿರದು. ನಾನು ಈ ಕಡೆ ತಿರುಗಿದರೆ ಆ ಕಡೆ ಕತ್ತರಿ ಎತ್ತಿಡುತ್ತಾಳೆ.

ಮಂಗಳವಾರ, ೪
ಅಕ್ಕ ಫೋನಿನಲ್ಲಿ ಉರಿದುಬಿದ್ದಳು. “ಮೂರು ಕತ್ತರಿ ಬಂದಿದೆಯಲ್ಲೇ! ಮೂರೂ ಅರ್ಧರ್ಧ!”

ಇರುವುದು ಒಂದೇ. ಅಮ್ಮನ ಕೆಲಸ.

ಕಂಪ್ಯೂಟರ್ ಮೊದಲು ಅಂದಾಜಿಗೆ ಒಂದು ಅಂಗಡಿ ಕಟ್ಟುತ್ತದಂತೆ. ಪ್ರತಿ ಫೋಟೊದ ಪಕ್ಕ ಹಿಡಿದು, ಎಷ್ಟು ತಪ್ಪಿದೆ ನೋಡಿ, ಚೂರು ಸರಿಸಿ, ಮತ್ತೆ ನೋಡಿ... ತಪ್ಪು ಇನ್ನು ಇಳಿಯದು ಅನ್ನುವವರೆಗೆ. ನಾವು ಅಂಗಿ ಬಿಗಿ, ಸಡಿಲ ಮಾಡಿದ ಹಾಗೇ. ಆದರೆ ಅಳತೆ ಕೊಡುವವರು ನಿಂತಲ್ಲಿ ನಿಲ್ಲಬೇಕಲ್ಲ!

“ಅಮ್ಮ, ಏನೂ ಮುಟ್ಟಬೇಡ.”

“ನನ್ನ ಅಂಗಡೀಲಿ ನಾನಲ್ಲದೆ ಇನ್ಯಾರು ಮುಟ್ಟಬೇಕು? ನಿಮ್ಮ ಕಂಪ್ಯೂಟರ್‌ಗೆ ಕಣ್ಣು ಸರಿಯಿಲ್ಲ, ಬಿಡು.”

ಗುರುವಾರ, ೬
ಅಮ್ಮನನ್ನು ಹೊರಗೆ ಕೂರಿಸಿ ಚಿಲಕ ಹಾಕಿದೆ. ಬಾಗಿಲು ಬಡಿದಳು, ಬಡಿದಳು. “ಸೂಜಿ ಬಿದ್ದಿರುತ್ತೆ, ಕಾಲಿಗೆ ಚುಚ್ಚೀತು ಕಣೇ!” ಇಡೀ ಅಂಗಡಿಯ ಫೋಟೊ ಮತ್ತೆ ತೆಗೆದೆ. ಸೊಂಟ ಬಿದ್ದುಹೋಯಿತು.

ಶುಕ್ರವಾರ, ೭. ಮಧ್ಯಾಹ್ನ
ಅಕ್ಕ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೇ ಬಂದಳು. ಪರದೆಯ ಮೇಲೆ ಗೋಡೆಯ ಬಿರುಕೂ ಬಿಡದೆ ಎಲ್ಲ ಅಚ್ಚುಕಟ್ಟು. ಅಕ್ಕನ ಮುಖ ಅರಳಿತ್ತು. ಅಮ್ಮ ಬಗ್ಗಿ ನೋಡಿದಳು.

“ಚೆನ್ನಾಗಿದೆ. ಯಾರ ಅಂಗಡಿ?”

ಮೈಯೆಲ್ಲ ಉರಿಯಿತು. ಇದಕ್ಕಾ ನಾನು ಇಷ್ಟು ಒದ್ದಾಡಿದ್ದು!

ಮೊದಲಿನದು ಎಷ್ಟು ಹಾಳಾಗಿತ್ತು ಅಂತ ತೋರಿಸಲು ಅಕ್ಕ ಸೋಮವಾರದ್ದನ್ನೂ ತೆರೆದಳು. ಮಿಷನ್ ಮುಂದೆ, ಸ್ಟೂಲಿನ ಮೇಲೆ ಹೊಗೆಯಂಥ ಒಂದು ಮುದ್ದೆ. ಅಮ್ಮ ಅವತ್ತು ನಡುನಡುವೆ ಬಂದು ಕೂತು ಎದ್ದದ್ದು. ಉಟ್ಟ ಬಟ್ಟೆಯ ಹಸಿರು ಮಾತ್ರ ಗೊತ್ತಾಗುತ್ತದೆ.

ಅಮ್ಮ ಪರದೆಗೆ ಬೆರಳಿಟ್ಟಳು. “ಇದು ನಾನಲ್ವಾ?”

“ಅದು ಕಸ ಅಮ್ಮ, ಅಳಿಸ್ತೀನಿ.”

ನಾನು ಅಕ್ಕನ ಕೈ ಹಿಡಿದುಬಿಟ್ಟೆ. ಜೋರಾಗಿ ಮಾತಾಡಿಯೇ ಗೊತ್ತಿಲ್ಲ ನನಗೆ. “ಬೇಡ. ಅಮ್ಮನ್ನ ಕೂರಿಸೇ ಇನ್ನೊಂದು ಸಲ ತೆಗೀತೀನಿ.”

“ನಾಳೆ ಕೆಡವ್ತಾರೆ ಕಣೇ!”

“ಇವತ್ತು ಇದೆಯಲ್ಲ.”

“ಈ ಸಲ ಅಲ್ಲಾಡಲ್ಲ, ಆಣೆಗೂ,” ಅಂದಳು ಅಮ್ಮ. ತಲೆ ಬಾಚಿಕೊಂಡು ಬಂದು ಮಿಷನ್ ಮುಂದೆ ಕೂತಿದ್ದಾಳೆ, ಉಸಿರು ಬಿಗಿಹಿಡಿದು. ಅಕ್ಕ ಲೈಟು ತಿರುಗಿಸುವವರೆಗೆ ನಾನು ಇದನ್ನು ಬರೆ... ಅಯ್ಯೋ, ಎದ್ದೇಬಿಟ್ಟಳು! ಅಮ್ಮಾ—