ಹೆಣ ಇಳಿಸುವ ಬಾಗಿಲು

ನಾರ್ಫೋಕ್
14 ಅಕ್ಟೋಬರ್ 1953

ನನ್ನ ಮುದ್ದು ವಿನ್ನಿ,

ಓದಿದ ಮೇಲೆ ಈ ಕಾಗದ ಹರಿದುಹಾಕು. ನೀನು ಮನೆಗೆ ಬಂದಾಗ ಇದು ನಿನ್ನ ಗಂಡನ ಕಣ್ಣಿಗೆ ಬೀಳಬಾರದು.

ನೀನು ನಾರಿಚ್ ಆಸ್ಪತ್ರೆಯ ಕೆಲಸಕ್ಕೆ ಹೋದಾಗಿನಿಂದ ನಿನ್ನ ರೂಬೆನ್ ನಡವಳಿಕೆ ನನಗೆ ಸರಿ ಕಾಣುತ್ತಿಲ್ಲ. ಭಾನುವಾರ ಚರ್ಚಿನಿಂದ ಬಂದರೆ, ನನ್ನ ಕೋಣೆಯ ಜಮಖಾನ ಸುತ್ತಿಟ್ಟು ಹೆಣದ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ. ನಿನ್ನಪ್ಪನನ್ನು ಇಳಿಸಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ತನ್ನ ಆಳುಗಳಿಗೆಂದು ಈ ಮನೆ ಕಟ್ಟಿಸಿದ ಧಣಿಗೆ, ಸಾರೋಟಿನಲ್ಲಿ ಹೋಗುವಾಗ ಚೆಂದ ಕಂಡರೆ ಸಾಕಿತ್ತು. ಚೂಪಾದ ಸೂರು, ವಜ್ರಾಕಾರದ ಕಿಟಕಿ ಗಾಜು, ಅರಮನೆಗಾಗುವಂಥ ಚಿಮಣಿ. ಒಳಗಿರುವ ಆಳುಮಕ್ಕಳ ಮೆಟ್ಟಿಲಿಗೆ ಮಾತ್ರ ಜಾಗ ಉಳಿಯದೆ ಚಿಮಣಿಯ ಪಕ್ಕ ತಿರುಚಿ ತುರುಕಿದರು. ಹೊರಗೆ ಥಳಕು, ಒಳಗೆ ಹುಳುಕು. ಶವಪೆಟ್ಟಿಗೆ ಆ ತಿರುವಿನಲ್ಲಿ ಇಳಿಯದೆಂದು ನನ್ನ ಕೋಣೆಯ ನೆಲದಲ್ಲೇ ಹಲಗೆಬಾಗಿಲು ಇಟ್ಟರು. ಅಲ್ಲಿಂದ ನೇರ ಕೆಳಗಿನ ಮುಂಕೋಣೆಗೆ. ಪಾದ್ರಿ ಬಂದರೆ, ಇಲ್ಲವೇ ಮನೆಯಲ್ಲಿ ಹೆಣವಿದ್ದರೆ ಮಾತ್ರ ನಾವು ಆ ಮುಂಕೋಣೆ ತೆರೆಯುವುದು, ನಿನಗೇ ಗೊತ್ತಲ್ಲ.

ನಿನ್ನೆ ಆ ಮಹರಾಯ ಅಳತೆಪಟ್ಟಿ ಹಿಡಿದು ನನ್ನ ಮಂಚದ ಪಕ್ಕ ನಿಂತಿದ್ದ. "ನನ್ನ ಉದ್ದ ಬೇಕಿದ್ರೆ ನನ್ನನ್ನೇ ಕೇಳಪ್ಪಾ, ಹೇಳ್ತೀನಿ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಿವಿಯವರೆಗೆ ಕೆಂಪಾಗಿ ಹೊರಟುಹೋದ. ಸಂಜೆ ಪಕ್ಕದ ಮನೆಯ ಸೈಲಸ್ ಜೊತೆ ಗಟ್ಟಿ ಹಗ್ಗದ ವಿಚಾರ ಪಿಸುಗುಡುತ್ತಿದ್ದ. ನನ್ನನ್ನು ಕಂಡೊಡನೆ ಇಬ್ಬರೂ ಟರ್ನಿಪ್ ಬೆಳೆಯ ಸುದ್ದಿ ತೆಗೆದರು.

ನನ್ನನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮಾತನ್ನು ಬೇಸಿಗೆಯಲ್ಲಿ ನೀನೇ ಎತ್ತಿದ್ದೆ. ಇವನಿಗೆ ಅಷ್ಟು ಕಾಯುವ ತಾಳ್ಮೆಯೂ ಇಲ್ಲವೇನೋ. ನನ್ನ ಮಂಡಿ ಚೆನ್ನಾಗಿದೆ, ಮೆಟ್ಟಿಲು ಸಲೀಸಾಗಿ ಹತ್ತುತ್ತೇನೆ. ಈ ಮನೆ ಬಿಟ್ಟು ನಾನು ಬದುಕಲಾರೆ ಕಣೇ. ನಿಜಕ್ಕೂ ಭಯವಾಗುತ್ತಿದೆ. ಬೇಗ ಬಾ.

ನಿನ್ನ ದಾರಿ ಕಾಯುವ ಅಮ್ಮ,
ಹೆಸ್ಟರ್

ತಾ.ಕ. (16 ಅಕ್ಟೋಬರ್): ಅಂಚೆಗೆ ಹಾಕುವ ಮೊದಲು ಇದನ್ನೂ ಸೇರಿಸುತ್ತಿದ್ದೇನೆ. ನಿನ್ನೆ ನಾನು ಅಂಗಡಿಗೆ ಹೋಗಿದ್ದಾಗ ಅವರಿಬ್ಬರೂ ನನ್ನ ಕಬ್ಬಿಣದ ಮಂಚಕ್ಕೆ ಹಗ್ಗ ಕಟ್ಟಿ, ಆ ಬಾಗಿಲಿನಿಂದ ಇಳಿಸಿ, ಮುಂಕೋಣೆಯಲ್ಲಿ ಹಾಸಿಗೆ ಹಾಸಿ, ಅಗ್ಗಿಷ್ಟಿಕೆಯನ್ನೂ ಹೊತ್ತಿಸಿದ್ದರು. ಬಾಯಿಗೆ ಬಂದ ಹಾಗೆ ಬೈದೆ. ರೂಬೆನ್ ತಲೆ ತಗ್ಗಿಸಿ, "ನೀವು ಮೆಟ್ಟಿಲಲ್ಲಿ ಬಿದ್ದದ್ದು ನನಗೆ ಕೇಳಿಸ್ತು, ಅತ್ತೆ. ಎರಡು ಸಲಾನೂ. ಕೇಳಿದ್ರೆ ನೀವು ಒಪ್ತಿರಲಿಲ್ಲ. ವಿನ್ನಿಗೂ ಹೇಳಿಲ್ಲ" ಎಂದ. ಬಿದ್ದದ್ದು ನಿಜ. ರಾತ್ರಿ ಅಲ್ಲೇ ಮಲಗಿದೆ. ಆ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಚಹಾ ಕೇಳಿದವರಲ್ಲಿ ನಾನೇ ಮೊದಲಿಗಳು.