ಸಕ್ಕರೆ ಬಿದ್ದ ಸ್ಯಾಂಪಲ್

ಅಕ್ಕನಿಗೆ, ನೇರಳೆ ನಾಲಿಗೆಯ ತಂಗಿ ಮಾಡುವ ನಮಸ್ಕಾರ.

ಪರೀಕ್ಷೆಗೆಂದು ನೀನು ಕಳಿಸಿದ ಹಣ್ಣಿನ ಡಬ್ಬಿ ಐಸ್ ಕರಗುವ ಮೊದಲೇ ಲ್ಯಾಬಿಗೆ ಬಂತು. ನಮ್ಮ ಹಿತ್ತಿಲ ಬೆರ್ರಿಗೆ ಏಳನೇ ನಂಬರಿನ ಚೀಟಿ ಅಂಟಿಸಿ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟೆ. ಮೇಲೆಲ್ಲ ಸಕ್ಕರೆ! ನನ್ನ ಶಾಲೆಯ ಡಬ್ಬಿಗೆ ಉದುರಿಸುತ್ತಿದ್ದ ಹಾಗೆಯೇ ಉದುರಿಸಿದ್ದೀಯ. “ಇದೇನು ಸ್ಯಾಂಪಲ್ಲಾ, ತಿಂಡಿನಾ?” ಅಂತ ನಮ್ಮ ಮೇಡಂ ನಕ್ಕರು. ಸಕ್ಕರೆ ಬಿದ್ದದ್ದನ್ನು ಅಳೆಯುವಂತಿಲ್ಲ. ‘ಹಾಳಾಗಿದೆ’ ಎಂದು ಬರೆದು, ಮೆಟ್ಟಿಲ ಮೇಲೆ ಕೂತು ಒಂದೂ ಬಿಡದೆ ತಿಂದೆ.

ದಯವಿಟ್ಟು ಇನ್ನೊಮ್ಮೆ ಕಳಿಸು. ತೊಳೆಯಬೇಡ, ಒಳ್ಳೆಯದನ್ನೇ ಆರಿಸಬೇಡ. ಬಿಸಿಲಿನ ಕಡೆಯದೂ ನೆರಳಿನ ಕಡೆಯದೂ ಸಮನಾಗಿರಲಿ. ಅರೆದು, ಸೋಸಿ, ಯಂತ್ರಕ್ಕೆ ಕೊಟ್ಟರೆ ದೇಹಕ್ಕೆ ಒಳಿತು ಮಾಡುವ ಸತ್ವ ಯಾವ ತಳಿಯಲ್ಲಿ ಎಷ್ಟಿದೆ ಎಂದು ತಿಳಿಯುತ್ತದೆ. ಈವರೆಗೆ ಅಳೆದ ಆರು ತಳಿಗಳಲ್ಲಿ, ನಾಲಿಗೆ ಹಿಡಿಯುವಷ್ಟು ಒಗರಿರುವುದರಲ್ಲೇ ಅದು ಹೆಚ್ಚು.

ಅಮ್ಮ ಹೋದ ಮೇಲೆ ನನ್ನ ಡಬ್ಬಿ ಕಟ್ಟುತ್ತಿದ್ದವಳು ನೀನೇ. ನಾನು “ಒಗರು” ಎಂದು ಮುಖ ಕಿವುಚಿದರೆ, ನೀನು ಸಕ್ಕರೆ ಡಬ್ಬದ ತಳ ಕೆರೆದು ನನ್ನ ಪಾಲಿಗೇ ಹಾಕುತ್ತಿದ್ದೆ. “ನಿನಗೆ?” ಎಂದರೆ, “ನಂಗೆ ಹಾಗೇ ಇಷ್ಟ ಕಣೇ” ಅನ್ನುತ್ತಿದ್ದೆ. ಮೂವತ್ತು ವರ್ಷ ನಾನು ಅದನ್ನೇ ನಂಬಿಕೊಂಡಿದ್ದೆ. ನಿನ್ನೆ ಮೆಟ್ಟಿಲ ಮೇಲೆ ತಿನ್ನುತ್ತಿದ್ದಾಗ ಡಬ್ಬಿಯ ತಳದಲ್ಲಿ ಸಕ್ಕರೆ ತಾಗದ ಒಂದು ಹಣ್ಣು ಸಿಕ್ಕಿತು. ಬಾಯಿಗಿಟ್ಟೆ. ಅಕ್ಕಾ, ಅದು ಹಾಗೇ ಯಾರಿಗೂ ಇಷ್ಟವಾಗುವಂಥದ್ದಲ್ಲ.

ರಜೆಗೆ ಬರುವಾಗ ಸಕ್ಕರೆ ನಾನು ತರುತ್ತೇನೆ. ಈ ಸಲ ಮೊದಲು ನಿನ್ನ ಬಟ್ಟಲಿಗೆ.

ನಿನ್ನ
ಪುಟ್ಟಿ