ಹಿಂದಿನ ಕೋಣೆಯ ಗೋಡೆ

ಉದ್ಯಾವರ

ಕರುಣಾಕರ ಅವರೇ,

ನಿಮ್ಮನ್ನು ಅಣ್ಣ ಎಂದೇ ಕರೆದು ಅಭ್ಯಾಸ. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ.

ನೀವು ನಮಗೆ ಬಾಡಿಗೆಗೆ ಕೊಟ್ಟ ಮನೆಯ ಹಿಂದಿನ ಕೋಣೆಯ ಗೋಡೆ ಒದ್ದೆಯಾಗಿದೆ ಎಂದು ತೋರಿಸಿದಾಗ, ಅಲ್ಲೇ ಹಾಸಿಗೆ ಹಿಡಿದಿರುವ ನನ್ನ ಅಮ್ಮನ ಎದುರೇ ನೀವು ನಕ್ಕಿರಿ. "ಮುದುಕಿ ಮಲಗಿದಲ್ಲೇ ಉಚ್ಚೆ ಮಾಡಿದರೆ ಗೋಡೆ ಎಂತ ಮಾಡ್ತದೆ ಮಾರಾಯ್ತಿ?" ಎಂದಿರಿ.

ಅಂದಿನಿಂದ ಅಮ್ಮ ನೀರು ಕುಡಿಯುವುದನ್ನೇ ಬಿಟ್ಟರು. "ಬೇಡ ಡುಲ್ಸಿನ್, ಗೋಡೆ ಹಾಳಾಗ್ತದೆ" ಎನ್ನುತ್ತಿದ್ದರು. ಕಳೆದ ವಾರ ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೈಯಲ್ಲಿ ನೀರೇ ಇಲ್ಲ ಎಂದರು ಡಾಕ್ಟರು. ನಿನ್ನೆ ಮನೆಗೆ ಕರೆತಂದೆ. ಈಗಲೂ ತುಟಿ ಒದ್ದೆ ಮಾಡಿ ಲೋಟ ದೂಡುತ್ತಾರೆ.

ಕಾರು ನಿಲ್ಲಿಸಲೆಂದು ಆ ಗೋಡೆಯ ಹೊರಗೆ ಮಣ್ಣು ತುಂಬಿಸಿದವರು ನೀವು. ಮಳೆನೀರು ಆ ಮಣ್ಣಿನಲ್ಲೇ ನಿಂತು ಗೋಡೆಗೆ ಇಳಿಯುತ್ತದೆ. ಗೋಡೆಯ ಕೆಂಪುಕಲ್ಲಿನ ಒಳಗೆ ಕೂದಲಿಗಿಂತ ಸಣ್ಣ ಸಂದುಗಳು ಉಂಟು. ಅಷ್ಟು ಇಕ್ಕಟ್ಟಿನಲ್ಲಿ ನೀರು ಕೆಳಗಿಳಿಯುವುದಿಲ್ಲ, ತಾನಾಗಿ ಮೇಲೇರುತ್ತದೆ. ನಂಬಿಕೆ ಇಲ್ಲದಿದ್ದರೆ ಕಲ್ಲಿನ ತುಂಡೊಂದನ್ನು ನೀರಿನ ತಟ್ಟೆಯಲ್ಲಿಟ್ಟು ನೋಡಿ. ನಾನು ಇಟ್ಟೆ. ತುದಿಯವರೆಗೆ ಒದ್ದೆಯಾಯಿತು. ಅದರ ಹತ್ತಿರ ಯಾವ ಮುದುಕಿಯೂ ಮಲಗಿರಲಿಲ್ಲ.

ಮಣ್ಣು ತೆಗೆಸಿ. ಆದರೆ ಅದಕ್ಕೂ ಮೊದಲು ಇವತ್ತೇ ಬನ್ನಿ. ಅಮ್ಮನ ಪಕ್ಕ ಕುಳಿತು, "ತಪ್ಪು ನನ್ನದು, ನಿಮ್ಮದಲ್ಲ" ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ, "ನೀನು ಮಗಳಲ್ವಾ, ಸಮಾಧಾನಕ್ಕೆ ಹೇಳ್ತಿ" ಎನ್ನುತ್ತಾರೆ. ನೀವು ಹೇಳಿ. ಅವರು ಒಂದು ಲೋಟ ನೀರು ಪೂರ್ತಿ ಕುಡಿದು ಮುಗಿಸುವವರೆಗೆ ಅಲ್ಲಿಂದ ಏಳಬೇಡಿ.

ಡುಲ್ಸಿನ್